ಬೋರಲು ಮಲಗಿದವಳಿಗೆ ಹೇಳಿದ ಸಿನಿಮಾ

14 ಡಿಸೆಂಬರ್ 2024, ಶನಿವಾರ

ಮಧ್ಯಾಹ್ನ ಒಂದೂವರೆಗೆ ಆಸ್ಪತ್ರೆಯಿಂದ ವರ್ತೂರಿನ ಮನೆಗೆ ಬಂದೆವು. ರೋಗಿಯನ್ನು ಮಂಚದ ಮೇಲೆ ಬೋರಲು ಮಲಗಿಸಿದ್ದೇನೆ. ಹೆಸರು ಯಮುನಾ, ವಯಸ್ಸು ಅರವತ್ತು, ಸಂಬಂಧ ಹೆಂಡತಿ. ಎರಡು ದಿನದಿಂದ ಆಸ್ಪತ್ರೆಯ ಫಾರಂ ತುಂಬಿ ತುಂಬಿ ಕೈಗೆ ಇದೇ ಭಾಷೆ ಬರುತ್ತಿದೆ.

ಎಡಗಣ್ಣಿನ ಒಳಗಿನ ಪರದೆ ಬಿಟ್ಟುಕೊಂಡಿತ್ತು. ನಿನ್ನೆ ಆಪರೇಷನ್ ಮಾಡಿ ಅದನ್ನು ಕೂರಿಸಿ, ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸ್ ತುಂಬಿದ್ದಾರೆ. ಗ್ಯಾಸ್ ಮೇಲಕ್ಕೇ ಏರುತ್ತದೆ. ಅದು ಹಿಂದಿರುವ ಪರದೆಗೆ ತಾಗಬೇಕಾದರೆ ಮುಖ ಕೆಳಗೆ ಮಾಡಿಯೇ ಇರಬೇಕು. ಎರಡು ವಾರ. ಗಂಟೆಗೆ ಐವತ್ತು ನಿಮಿಷ ಬೋರಲು, ಉಳಿದ ಹತ್ತು ನಿಮಿಷದಲ್ಲಿ ಊಟ, ಬಚ್ಚಲು, ಔಷಧಿ.

ಬಲಗಣ್ಣು ಹುಟ್ಟಿನಿಂದಲೇ ಮಂದ. ಬೆಳಕು, ನೆರಳು, ಯಾರೋ ಬಂದರು ಎಂಬಷ್ಟು ತಿಳಿಯುತ್ತದೆ. ಆದ್ದರಿಂದ ಇದ್ದದ್ದು ಈ ಒಂದೇ ಕಣ್ಣು. ಉಳಿಯುತ್ತದೆಯೇ ಎಂದು ಕೇಳಿದೆ. ಡಾಕ್ಟರು ಪೆನ್ನಿನ ಮುಚ್ಚಳ ಹಾಕುತ್ತಾ, ಮೊದಲು ಮಲಗಿಸಿ, ಆಮೇಲೆ ನೋಡೋಣ ಎಂದರು.

ಮೂವತ್ತೊಂದು ವರ್ಷ ವೈಟ್‌ಫೀಲ್ಡಿನ ಫ್ಯಾಕ್ಟರಿಯೊಂದರಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ತಯಾರಾದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಸಹಿ, ಇಲ್ಲದಿದ್ದರೆ ವಾಪಸ್. ನಿವೃತ್ತಿಯ ದಿನ ತಂದ ಖಾಲಿ ರಿಜಿಸ್ಟರ್ ಬೀರುವಿನಲ್ಲಿತ್ತು. ಡ್ರಾಪ್ಸ್ ಹಾಕಿದ ವೇಳೆ ಬರೆದಿಡಲು ಅದನ್ನೇ ತೆಗೆದೆ. ಇಲ್ಲಿಯವರೆಗೆ ಹಾಕಿದ್ದು: ಎರಡೂವರೆ, ನಾಲ್ಕೂವರೆ, ಆರೂವರೆ.

ರೋಗಿ ಸಹಕರಿಸುತ್ತಿಲ್ಲ. ಕುತ್ತಿಗೆ ನೋವು, ಮೂಗು ಕಟ್ಟುತ್ತದೆ, ನೆಲ ಗುಡಿಸಿಲ್ಲ ಎನ್ನುತ್ತಾಳೆ. ಒಂದು ಕಣ್ಣು ಕಟ್ಟಿದೆ, ಇನ್ನೊಂದು ಮಂದ. ನೆಲ ಗುಡಿಸಿಲ್ಲ ಎಂದು ಅದು ಹೇಗೆ ಗೊತ್ತಾಯಿತೋ.

15 ಡಿಸೆಂಬರ್, ಭಾನುವಾರ

ಪಕ್ಕದ ಮನೆಯಿಂದ ಮುನಿಯಕ್ಕ ಬಂದರು. ಯಮುನಾಳ ಅಣ್ಣನ ಹೆಂಡತಿ, ಎಪ್ಪತ್ತು ದಾಟಿದವರು. ಮಂಚದ ಸುತ್ತ ಒಂದು ಸುತ್ತು ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. "ಇಂಗೆ ದಿಂಬಿಗೆ ಮಕ ಒತ್ತಿ ಮಕಾಡೆ ಮಲಗ್ಸಿದ್ರೆ ಉಸ್ರು ಎಲ್ಲಿಂದ ತಗಂತಾಳೆ ಲಕ್ಷ್ಮಣಣ್ಣ?" ಎಂದವರೇ ಮನೆಗೆ ಹೋಗಿ ಹಳೆಯ ಸೀರೆ ತಂದು, ಬಿಂದಿಗೆ ಹೊರಲು ತಲೆಗಿಟ್ಟುಕೊಳ್ಳುವ ಸಿಂಬೆಯನ್ನೇ ನಾಲ್ಕು ಪಟ್ಟು ದೊಡ್ಡದಾಗಿ ಸುತ್ತಿ, ಮಂಚದ ತಲೆಕಡೆ ಸಂದಿ ಬಿಟ್ಟು ಜೋಡಿಸಿದ ಎರಡು ಸ್ಟೂಲಿನ ಮೇಲಿಟ್ಟರು. ಹಣೆ, ಕೆನ್ನೆ, ಗದ್ದ ಸುತ್ತ ಕೂತವು. ಮೂಗು, ಕಣ್ಣು ನಡುವಿನ ತೂತಿನಲ್ಲಿ. ಆಸ್ಪತ್ರೆಯವರು ತೋರಿಸಿದ ದಿಂಬಿಗಿಂತ ಇದು ವಾಸಿ. ನನಗೆ ಹೊಳೆಯಬೇಕಿತ್ತು.

ಮಗಳು ವೇಣಿ ಎಲೆಕ್ಟ್ರಾನಿಕ್ ಸಿಟಿಯಿಂದ ಬಂದಿದ್ದಳು. ಭಾನುವಾರ ಮಾತ್ರ ಬರಲು ಸಾಧ್ಯ. ಹೊತ್ತು ಹೋಗಲು ಹಾಡು ಹಾಕಿಕೊಡಲೇ ಎಂದು ಕೇಳಿದ್ದಕ್ಕೆ ಯಮುನಾ ಹಾಡು ಬೇಡ, ಒಂದು ಸಿನಿಮಾ ಹುಡುಕಿಕೊಡು ಎಂದಳು. ಹೆಸರು 'ಸುಣ್ಣದ ಬಂಗಲೆ'. ಹತ್ತು ವರ್ಷದವಳಿದ್ದಾಗ ಕೆರೆ ಏರಿಯ ಕೆಳಗಿನ ಟೆಂಟಿನಲ್ಲಿ ಅಜ್ಜಿಯ ಜೊತೆ ನೋಡಿದ್ದಂತೆ. ಒಂದು ಕೊಲೆ, ಒಂದು ದೊಡ್ಡ ಮನೆ, ಬರೀ ಭಯ. ಟೆಂಟಿನಲ್ಲಿ ಎರಡೇ ದಿನ ಓಡಿತಂತೆ. ಅಂಥ ಸಿನಿಮಾ ಬಂದೇ ಇಲ್ಲ ಎಂದು ಮುನಿಯಕ್ಕ ವಾದಿಸಿದರು.

ವೇಣಿ ಹುಡುಕಿದಳು, ಸಿಕ್ಕಿತು. ಕಪ್ಪುಬಿಳುಪು, 1973. ಯಾರೋ ಪುಣ್ಯಾತ್ಮರು ಯೂಟ್ಯೂಬಿಗೆ ಹಾಕಿದ್ದಾರೆ. ಆರು ವರ್ಷದಲ್ಲಿ ನೋಡಿದವರು ನಾನೂರ ಹನ್ನೆರಡು ಜನ. ಟಿವಿಯಲ್ಲಿ ಬರುವ ಹಾಗೆ ಮಾಡಿಕೊಟ್ಟು ಹೋದಳು.

ಬೋರಲು ಮಲಗಿ ಸಿನಿಮಾ ನೋಡುವುದು ಹೇಗೆ ಎಂದು ನಾನು ಕೇಳಿದೆ.

"ನೋಡೋದು ನೀವು. ನನಗೆ ಹೇಳಿ."

ಮದುವೆಯಾಗಿ ಮೂವತ್ತನಾಲ್ಕು ವರ್ಷ. ನಾವಿಬ್ಬರೂ ಒಟ್ಟಿಗೆ ನೋಡಿದ ಸಿನಿಮಾ ಎರಡು. ಎರಡರಲ್ಲೂ ನಾನು ಮಧ್ಯಂತರದ ನಂತರ ನಿದ್ದೆ ಮಾಡಿದ್ದೆ.

17 ಡಿಸೆಂಬರ್, ಮಂಗಳವಾರ

ಬೆಳಿಗ್ಗೆ ಹನ್ನೊಂದಕ್ಕೆ ಶುರು ಮಾಡಿದೆವು. ಮಂಚದ ಪಕ್ಕ ಮಣೆ ಹಾಕಿಕೊಂಡು ಕೂತೆ. ಸಿನಿಮಾದಲ್ಲಿ ಮಾತು ಬಹಳ ಕಡಿಮೆ. ಮೊದಲ ಆರು ನಿಮಿಷ ಯಾರೂ ಬಾಯಿ ಬಿಡುವುದಿಲ್ಲ. ಇಂಥದನ್ನು ಕೇಳಿಸಿಕೊಳ್ಳುವುದು ಅಸಾಧ್ಯ, ಹೇಳಲೇಬೇಕು. ಹೇಳಿದೆ. ಒಂದು ಕಾರು ಬಂತು. ನಿಂತಿತು. ಒಬ್ಬಳು ಇಳಿದಳು, ನರ್ಸ್. ಕೈಯಲ್ಲಿ ಟ್ರಂಕು. ದೊಡ್ಡ ಬಂಗಲೆ. ಒಳಗೆ ಹೋದಳು.

"ಅಷ್ಟೇನಾ?"

ಅಷ್ಟೇ ಎಂದೆ.

"ಇಳಿದಾಗ ಮನೆ ನೋಡಿದ್ಲಾ, ನೆಲ ನೋಡಿದ್ಲಾ?"

ಗಮನಿಸಿರಲಿಲ್ಲ. ಹಿಂದಕ್ಕೆ ಹೋಗಿ ನೋಡಿದೆ. ಅವಳು ನೋಡಿದ್ದು ತನ್ನ ಚಪ್ಪಲಿಯನ್ನು. ಬಂಗಲೆಗೆ ಸುಣ್ಣ ಹೊಡೆಯುತ್ತಿದ್ದಾರೆ, ಅದು ಇಳಿದು ಅಂಗಳವೆಲ್ಲ ಬಿಳಿ ಕೆಸರು. ಚಪ್ಪಲಿ ಅದರಲ್ಲಿ ಹೂತಿದೆ. ಇದನ್ನು ಹೇಳಿದಾಗ ಯಮುನಾ ಹೂಂ ಎಂದಳು. ಹತ್ತು ನಿಮಿಷದ ಸಿನಿಮಾ ಹೇಳಲು ಒಂದು ಗಂಟೆ ಹಿಡಿಯಿತು.

ಕಥೆ ಹೀಗಿದೆ: ಬಂಗಲೆಯ ಯಜಮಾನ ಹಾಸಿಗೆ ಹಿಡಿದಿದ್ದಾನೆ. ಅವನ ಹೆಂಡತಿ ವರ್ಷದ ಹಿಂದೆ ಸತ್ತಳು. ಕೊಂದವನು ಅವನೇ ಎಂದು ಊರು ಮಾತಾಡುತ್ತದೆ. ಅವನನ್ನು ನೋಡಿಕೊಳ್ಳಲು ಬಂದ ನರ್ಸ್ ತಾರಾ. ಮನೆಯಲ್ಲಿ ಯಜಮಾನನ ಅಕ್ಕ ಇದ್ದಾಳೆ, ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ಒಬ್ಬ ತಮ್ಮನೂ ಇದ್ದಾನೆ. ಅವನ ಮೀಸೆ ನನಗೆ ಹಿಡಿಸಲಿಲ್ಲ.

18 ಡಿಸೆಂಬರ್, ಬುಧವಾರ

ಸಿನಿಮಾದಲ್ಲಿ ದೋಷಗಳಿವೆ. ಬರೆದಿಡುತ್ತೇನೆ. ಒಂದು, ಯಜಮಾನನ ಕೋಣೆಯ ಗೋಡೆಗೆ ಎಷ್ಟು ಸಲ ಸುಣ್ಣ ಹೊಡೆದರೂ ಒಂದು ಕಲೆ ಮತ್ತೆ ಮತ್ತೆ ಬರುತ್ತದೆ. ಸುಣ್ಣ ಸರಿಯಾಗಿ ಕಲಸಿದರೆ ಹಾಗಾಗುವುದಿಲ್ಲ. ಎರಡು, ಕೆಲಸದವರು ಸುಣ್ಣದ ಬಕೆಟ್ಟನ್ನು ಎಲ್ಲೆಂದರಲ್ಲಿ ಮರೆತು ಹೋಗಿದ್ದಾರೆ. ಜಗುಲಿಯಲ್ಲಿ ಕಾಣುತ್ತದೆ, ಹಜಾರದಲ್ಲೂ ಕಾಣುತ್ತದೆ. ಶೂಟಿಂಗ್ ಮಾಡುವವರು ಅಷ್ಟು ನೋಡಬಾರದೇ?

ದೊಡ್ಡಕ್ಕ ತುಂಬ ಒಳ್ಳೆಯವಳು. ತಾರಾಳನ್ನು ಕೂರಿಸಿಕೊಂಡು ವೀಳ್ಯದೆಲೆಗೆ ತಾನೇ ಸುಣ್ಣ ಸವರಿ ಮಡಿಸಿ ಕೊಡುತ್ತಾಳೆ. ಎಷ್ಟು ಸವರಿದಳು ಎಂದು ಯಮುನಾ ಕೇಳಿದಳು. ತೋರುಬೆರಳ ತುದಿಯಲ್ಲಿ ಉದ್ದಿನ ಕಾಳಿನಷ್ಟು ಎಂದೆ. ಈ ಉತ್ತರ ಅವಳಿಗೆ ಇಷ್ಟವಾಯಿತು.

19 ಡಿಸೆಂಬರ್, ಗುರುವಾರ

ಜಗಳ. ನಾನು ಸಾಮಾನಿನ ಪಟ್ಟಿ ಓದಿದ ಹಾಗೆ ಸಿನಿಮಾ ಹೇಳುತ್ತೇನಂತೆ. ಬೇರೆ ಯಾರನ್ನಾದರೂ ಇಟ್ಟುಕೋ ಎಂದೆ. ಡ್ರಾಪ್ಸ್ ಎಲ್ಲ ವೇಳೆಗೆ ಸರಿಯಾಗಿ ಹಾಕಿದೆ.

20 ಡಿಸೆಂಬರ್, ಶುಕ್ರವಾರ

ತಪಾಸಣೆಗೆ ಹೋಗಿಬಂದೆವು. ಕಾರಿನಲ್ಲಿ ನನ್ನ ತೊಡೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಯಮುನಾಳ ಮುಖ. ವರ್ತೂರು ಕೋಡಿಯಲ್ಲಿ ನಲವತ್ತು ನಿಮಿಷ ಟ್ರಾಫಿಕ್. ಎಲ್ಲಿದ್ದೇವೆ ಎಂದು ಅವಳು ಕೇಳುತ್ತಿದ್ದಳು. ಅಲ್ಲೇ ಇದ್ದೇವೆ ಎಂದು ನಾನು ಹೇಳುತ್ತಿದ್ದೆ. ನಂತರ ಸುಮ್ಮನಿರಲಾಗದೆ ಪಕ್ಕದಲ್ಲಿ ಏನಿದೆ ಎಂದು ಹೇಳತೊಡಗಿದೆ. ನೀರಿನ ಟ್ಯಾಂಕರು, ಅದರ ನಲ್ಲಿ ಸೋರುತ್ತಿದೆ, ಹಿಂದಿನ ಸ್ಕೂಟರಿನವಳು ಆ ನೀರಿಗೆ ಕಾಲು ಒಡ್ಡಿ ತೊಳೆದುಕೊಳ್ಳುತ್ತಿದ್ದಾಳೆ. ಯಾವ ಬಣ್ಣದ ಸ್ಕೂಟರ್ ಎಂದು ಯಮುನಾ ಕೇಳಿದಳು.

ಪರದೆ ಅಂಟಿಕೊಂಡಿದೆ, ಆದರೆ ನಡುಭಾಗ ಎಷ್ಟು ಚೇತರಿಸಿಕೊಳ್ಳುತ್ತದೆ ಎಂದು ಈಗ ಹೇಳಲಾಗದು ಎಂದರು ಡಾಕ್ಟರು. ತಡವಾಗಿ ಬಂದವರಲ್ಲಿ ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ. ಶುರುವಾಗಿ ಎಷ್ಟು ದಿನಕ್ಕೆ ತೋರಿಸಿದಿರಿ ಎಂದು ಮತ್ತೆ ಕೇಳಿದರು. ಎರಡು ದಿನ ಎಂದೆ. ಮೊದಲ ಸಲವೂ ಹಾಗೇ ಹೇಳಿದ್ದೆ.

ಎರಡಲ್ಲ, ಹನ್ನೆರಡು. ನವೆಂಬರ್ ಕೊನೆಯಲ್ಲಿ ಯಮುನಾ ಕಣ್ಣ ಮುಂದೆ ಮಸಿ ಹಾರುತ್ತಿದೆ ಎಂದಳು. ಕನ್ನಡಕ ಒರೆಸಿಕೋ ಎಂದೆ. ಮಾರನೆಯ ದಿನ ಮತ್ತೆ ಹೇಳಿದಳು. ಪೇಪರ್ ಓದುತ್ತಿದ್ದೆ, ತಲೆ ಎತ್ತಲಿಲ್ಲ. ಹನ್ನೆರಡನೆಯ ದಿನ ಅರ್ಧ ಕಣ್ಣಿಗೆ ಕತ್ತಲೆ ಇಳಿದ ಮೇಲೆ ಹೊರಟೆವು. ಕೂದಲೆಳೆಯಷ್ಟು ಬಿರುಕನ್ನು ಭೂತಗನ್ನಡಿ ಹಿಡಿದು ಹುಡುಕಿ ವಾಪಸ್ ಕಳಿಸುತ್ತಿದ್ದವನು ನಾನು. ಮನೆಯಲ್ಲಿ ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ.

ಡಾಕ್ಟರ ಮುಂದೆ ಯಮುನಾ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದಳು. ನಾನು ಎರಡು ದಿನ ಎಂದದ್ದು ಅವಳಿಗೆ ಕೇಳಿಸಿದೆ.

21 ಡಿಸೆಂಬರ್, ಶನಿವಾರ

ಇವತ್ತು ಬೇರೆಯೇ ದಿನ. ಮುನಿಯಕ್ಕ ಕೊಟ್ಟ ಉಪ್ಪಿಟ್ಟು ತಿಂದು ಒಂಬತ್ತಕ್ಕೇ ಸಿನಿಮಾ ಹಾಕಿದೆ. ತಾರಾ ಯಜಮಾನನಿಗೆ ಗಂಜಿ ಕುಡಿಸುತ್ತಿದ್ದಾಳೆ. ಅವನಿಗೆ ಮಾತು ಬರುವುದಿಲ್ಲ, ಕಣ್ಣಿನಲ್ಲೇ ಗೋಡೆಯ ಕಲೆ ತೋರಿಸುತ್ತಾನೆ. ಅವಳಿಗೆ ಅರ್ಥವಾಗುವುದಿಲ್ಲ. ಅವಳ ಬೆನ್ನ ಹಿಂದೆ, ಬಾಗಿಲ ಮೂಲೆಯಲ್ಲಿ, ಅದೇ ಸುಣ್ಣದ ಬಕೆಟ್. ಇಲ್ಲೂ ಮರೆತಿದ್ದಾರೆ ನೋಡು ಎಂದು ಯಮುನಾಳಿಗೆ ಹೇಳಲು ಹೊರಟವನು ನಿಲ್ಲಿಸಿದೆ.

ಮೊದಲು ಬಕೆಟ್ ಇದ್ದದ್ದು ಅಂಗಳದಲ್ಲಿ. ಆಮೇಲೆ ಜಗುಲಿ. ಆಮೇಲೆ ಹಜಾರ. ಮೆಟ್ಟಿಲು. ಈಗ ಕೋಣೆ. ನನ್ನ ಹಳೆಯ ಸ್ಟೀಲ್ ಸ್ಕೇಲು ತೆಗೆದುಕೊಂಡು ಬಂದು ಮೊದಲಿನಿಂದ ಪ್ರತಿ ದೃಶ್ಯವನ್ನೂ ನಿಲ್ಲಿಸಿ, ಟಿವಿಯ ಗಾಜಿಗೆ ಸ್ಕೇಲು ಹಿಡಿದು ತಾರಾಳಿಗೂ ಬಕೆಟ್ಟಿಗೂ ಇರುವ ಅಂತರ ಅಳೆದೆ. ಮೂವತ್ತೊಂದು ಸೆಂಟಿಮೀಟರ್. ಇಪ್ಪತ್ತಾರು. ಇಪ್ಪತ್ತೆರಡೂವರೆ. ಹದಿನೈದು. ಒಂಬತ್ತು. ಒಂದು ಸಲವೂ ಹೆಚ್ಚಾಗಿಲ್ಲ.

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಇಟ್ಟದ್ದು. ಐವತ್ತು ವರ್ಷದ ಹಿಂದೆ ಯಾರೋ ಒಬ್ಬ ಮನುಷ್ಯ ಒಂದು ಬಕೆಟ್ಟನ್ನು ಹೆಜ್ಜೆ ಹೆಜ್ಜೆಯಾಗಿ ಅವಳ ಹತ್ತಿರಕ್ಕೆ ತಂದಿದ್ದಾನೆ. ಯಾರಿಗೂ ಕಾಣಿಸದ ಹಾಗೆ ತಂದಿದ್ದಾನೆ. ಕಲೆಯೂ ದೋಷವಲ್ಲ, ಅದು ರಕ್ತ. ಇನ್ನೊಂದು ಕೈ ಸುಣ್ಣ ಹೊಡೆಯಿರಿ ಎಂದು ದೊಡ್ಡಕ್ಕ ದಿನಾ ಹೇಳುವುದು ಮನೆ ಚೆನ್ನಾಗಿ ಕಾಣಲೆಂದಲ್ಲ. ನಾನು ದೋಷ ಎಂದು ಬರೆದ ಎರಡೂ ಈ ಕೆಲಸದ ಜೀವಾಳ. ಹದಿನೆಂಟನೆಯ ತಾರೀಖಿನ ಪುಟದಲ್ಲಿ ಅವನ್ನು ಹೊಡೆದು ಹಾಕಿದ್ದೇನೆ. ಇಂಥ ಕೆಲಸ ಮಾಡಿದವನ ಹೆಸರು ಟೈಟಲಿನಲ್ಲಿ ಒಮ್ಮೆ ಬಂದು ಹೋಗುತ್ತದೆ, ಹುಡುಕಿದರೆ ಬೇರೆಲ್ಲೂ ಇಲ್ಲ. ನನಗೆ ಬೇಜಾರಾಯಿತು.

ಎಲ್ಲವನ್ನೂ ಯಮುನಾಳಿಗೆ ಹೇಳಿದೆ. ಸ್ಕೇಲು ಹಿಡಿದು ಅಳೆದದ್ದನ್ನು ಕೇಳಿ ಅವಳು ಸಿಂಬೆಯೊಳಗೇ ನಗತೊಡಗಿದಳು. ಹೆಗಲು ಕುಣಿಯುವಷ್ಟು ನಗು. ಅಲುಗಾಡಬೇಡ ಎಂದು ಬೈದೆ. ಆಪರೇಷನ್ ಆದ ಮೇಲೆ ಅವಳು ನಕ್ಕದ್ದು ಇದೇ ಮೊದಲು. ಆ ನಗು ನೋಡಲು ನೆಲದ ಮೇಲೆ ಅಂಗಾತ ಮಲಗಿ ಸ್ಟೂಲುಗಳ ನಡುವೆ ತಲೆ ಹಾಕಿದೆ. ಸಿಂಬೆಯ ತೂತಿನಿಂದ ಮುಖ ಕಾಣಿಸಿತು. ನನ್ನ ಬೆನ್ನು ಹಿಡಿದುಕೊಂಡು ಏಳಲಾಗದೆ ಮುನಿಯಕ್ಕನನ್ನು ಕೂಗಬೇಕಾಯಿತು.

23 ಡಿಸೆಂಬರ್, ಸೋಮವಾರ

ತಡೆಯಲಾಗಲಿಲ್ಲ. ಇನ್ನು ಇಪ್ಪತ್ತು ನಿಮಿಷದ ಸಿನಿಮಾ ಬಾಕಿ ಇತ್ತು. ಮಧ್ಯಾಹ್ನ ಇವಳಿಗೆ ಜೊಂಪು ಹತ್ತಿದಾಗ ಟಿವಿಯ ಶಬ್ದ ಪೂರ್ತಿ ಆರಿಸಿ ಒಬ್ಬನೇ ನೋಡಿದೆ. ನೋಡಬಾರದಿತ್ತು.

ಕೊಂದವಳು ದೊಡ್ಡಕ್ಕ. ತಾರಾ ಅದನ್ನು ಕಂಡುಹಿಡಿದು ಬಾಗಿಲ ಕಡೆ ತಿರುಗುತ್ತಾಳೆ. ಬಕೆಟ್ ಅವಳ ಕಾಲ ಬಳಿ ಇದೆ, ಅಂತರ ಸೊನ್ನೆ. ದೊಡ್ಡಕ್ಕ ಅದನ್ನೆತ್ತಿ ಹಸಿ ಸುಣ್ಣವನ್ನು ಅವಳ ಕಣ್ಣಿಗೆ ಎರಚುತ್ತಾಳೆ. ಕೆಲಸದವರು ಓಡಿಬಂದು ಹಿಡಿಯುತ್ತಾರೆ. ತಾರಾ ಎರಡೂ ಕೈ ಮುಂದೆ ಚಾಚುತ್ತಾಳೆ. ಪರದೆ ಕಪ್ಪಾಗುತ್ತದೆ. ಮುಗಿಯಿತು.

ಟಿವಿ ಆರಿಸಿ ಎದ್ದೆ. ಇಷ್ಟೆಲ್ಲ ಜಾಣತನ ಮಾಡಿ ಕೊನೆಗೆ ಅವಳ ಕಣ್ಣು ಕಳೆಯಲು ಆ ನಿರ್ದೇಶಕನಿಗೆ ಹೇಗೆ ಮನಸ್ಸು ಬಂತು? ಇದನ್ನು ನಾನು ನಾಳೆ ಇವಳಿಗೆ ಹೇಳಬೇಕಂತೆ. ಹತ್ತು ವರ್ಷದಲ್ಲಿ ನೋಡಿದ್ದು, ಕೊನೆ ನೆನಪಿರಲಾರದು. ನೆನಪಿದ್ದಿದ್ದರೆ ಈ ಹೊತ್ತಿನಲ್ಲಿ ಇದೇ ಸಿನಿಮಾ ಕೇಳುತ್ತಿದ್ದಳೇ?

24 ಡಿಸೆಂಬರ್, ಮಂಗಳವಾರ

ಕೊನೆಯ ಭಾಗದಲ್ಲಿ ಶಬ್ದ ಹೋಗಿದೆ, ಪ್ರಿಂಟು ಹಾಳಾಗಿದೆ ಎಂದೆ. ಹೋದರೆ ಹೋಗಲಿ, ನೀವು ಹೇಳಿ ಎಂದಳು.

ಹೇಳಿದೆ. ದೊಡ್ಡಕ್ಕ ಬಕೆಟ್ ಎತ್ತಿದಳು, ಆದರೆ ಜಾರಿ ಬಿದ್ದಳು, ಸುಣ್ಣವೆಲ್ಲ ನೆಲದ ಪಾಲಾಯಿತು. ಪೊಲೀಸರು ಬಂದು ಹಿಡಿದುಕೊಂಡು ಹೋದರು. ತಾರಾ ಬಾಗಿಲು ತೆರೆದು ಹೊರಗೆ ಬಂದಳು. ಬಿಸಿಲಿತ್ತು. ಶುಭಂ.

ಎಷ್ಟು ಮೆಟ್ಟಿಲು ಇಳಿದಳು ಎಂದು ಯಮುನಾ ಕೇಳಿದಳು. ನಾಲ್ಕೋ ಐದೋ ಎಂದೆ. ಯಾವ ಕೈಯಲ್ಲಿ ಬಾಗಿಲು ತೆರೆದಳು? ಬಲಗೈ ಇರಬೇಕು ಎಂದೆ.

"ಇಷ್ಟು ದಿನ ಉದ್ದಿನ ಕಾಳು, ಸೆಂಟಿಮೀಟರು ಎಲ್ಲ ಹೇಳ್ತಿದ್ರಿ. ಇವತ್ತು ಇರಬೇಕು, ಇರಬೇಕು ಅಂತೀರಿ. ನೋಡಿದ್ದನ್ನ ಹೇಳ್ತಿಲ್ಲ ನೀವು."

ಸಿಕ್ಕಿಬಿದ್ದೆ. ಫ್ಯಾಕ್ಟರಿಯಲ್ಲಿ ಅಳೆಯದೇ ಬರೆದ ರಿಪೋರ್ಟುಗಳನ್ನು ನಾನು ಹಿಡಿಯುತ್ತಿದ್ದದ್ದೂ ಹೀಗೆಯೇ. ಅಳೆದವನ ಅಂಕಿಯಲ್ಲಿ ಕಾಲು, ಅರೆ ಇರುತ್ತದೆ. ಅಳೆಯದವನದು ನುಣ್ಣಗಿರುತ್ತದೆ. ಅಂಥದಕ್ಕೆ ಸಹಿ ಮಾಡುವುದಿಲ್ಲ ಎಂದು ಮ್ಯಾನೇಜರ ಮುಂದೆ ನಿಂತು ಎರಡು ಬಡ್ತಿ ಕಳೆದುಕೊಂಡವನು ನಾನು. ಹೆಂಡತಿಯ ಮುಂದೆ ಅದೇ ಕೆಲಸ ಮಾಡಿದೆ.

ಅವಳೇ ಹೇಳಿದಳು. "ಸುಣ್ಣ ಎರಚ್ತಾಳೆ. ಕಣ್ಣು ಹೋಗತ್ತೆ. ನನಗೆ ಮೊದಲಿಂದ ಗೊತ್ತು ಕಣ್ರೀ."

ನನಗೆ ಸಿಟ್ಟೇ ಬಂತು. ಗೊತ್ತಿದ್ದೂ ಇದನ್ನೇ ಯಾಕೆ ಕೇಳಿದೆ, ನನ್ನನ್ನು ಪರೀಕ್ಷೆ ಮಾಡಲಿಕ್ಕಾ ಎಂದೆ. ಅವಳು ಕೊನೆ ಕೇಳಬೇಕಿತ್ತು ಎಂದಳು. ಇದೇ ಕೊನೆ, ಕಪ್ಪಾಗಿ ಮುಗಿಯುತ್ತದೆ ಎಂದೆ. ಅಲ್ಲ ಎಂದಳು. ಟೆಂಟಿನಲ್ಲಿ ಎಲ್ಲರೂ ಹಾಗೇ ಅಂದುಕೊಂಡರಂತೆ. ಪರದೆ ಕಪ್ಪಾದದ್ದೇ ಶಿಳ್ಳೆ ಹೊಡೆದರು, ಕರೆಂಟು ಹೋಯಿತು ಎಂದು ಕೂಗಿದರು, ಸೀರೆ ಕೊಡವಿಕೊಂಡು ಎದ್ದು ಹೋದರು. ಇವಳ ಅಜ್ಜಿ ನಿದ್ದೆ ಹೋಗಿದ್ದಳು, ಇವಳ ಲಂಗದ ಅಂಚು ಅಜ್ಜಿಯ ಕೆಳಗೆ ಸಿಕ್ಕಿಕೊಂಡಿತ್ತು. ಏಳಲಾಗದೆ ಕೂತಳು. ಕೊನೆ ನೋಡಿದವರು ಇಡೀ ಟೆಂಟಿನಲ್ಲಿ ಐದಾರು ಜನ.

"ನೀವೂ ಎದ್ದು ಹೋದ್ರಿ," ಎಂದಳು.

ಆಗ ನನ್ನ ಬಾಯಿಂದ ಬೇರೆಯೇ ಮಾತು ಬಂತು. ಎರಡು ದಿನ ಅಲ್ಲ, ಹನ್ನೆರಡು ದಿನ, ಡಾಕ್ಟರಿಗೆ ಸುಳ್ಳು ಹೇಳಿದೆ, ನೀನು ಮಸಿ ಹಾರುತ್ತಿದೆ ಎಂದಾಗ ನಾನು ತಲೆ ಎತ್ತಿ ನೋಡಬೇಕಿತ್ತು ಎಂದೆ. ಮಣೆಯ ಮೇಲೆ ಕೂತು ಅತ್ತೆ. ಅವಳು ಮುಖ ಎತ್ತುವ ಹಾಗಿಲ್ಲ. ಕೈ ಚಾಚಿ ಹುಡುಕಿ ನನ್ನ ಮೊಣಕಾಲು ಹಿಡಿದುಕೊಂಡಳು.

"ನೋಡ್ಬೇಕಿತ್ತು. ಹೌದು," ಎಂದಳು. ಆಮೇಲೆ, "ನಾನೂ ಮೂರನೇ ಸಲ ಕೂಗಿ ಹೇಳ್ಬೇಕಿತ್ತು," ಎಂದಳು.

25 ಡಿಸೆಂಬರ್, ಬುಧವಾರ

ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಕೂಡಿ ನೋಡಿದೆವು. ಶಬ್ದ ಪೂರ್ತಿ ಇಟ್ಟೆ. ಸುಣ್ಣ ಎರಚುವಾಗ ಇವಳ ಕೈ ಹಿಡಿದುಕೊಂಡಿದ್ದೆ, ಅಥವಾ ಇವಳು ನನ್ನದನ್ನು. ಪರದೆ ಕಪ್ಪಾಯಿತು. ಕಣ್ಣು ಮುಚ್ಚಿಕೊಳ್ಳಿ ಎಂದಳು. ಮುಚ್ಚಿಕೊಂಡೆ.

ಕತ್ತಲಲ್ಲಿ ಮೊದಲು ಏನೂ ಇಲ್ಲ. ಆಮೇಲೆ ಬಕೆಟ್ಟಿನ ಹಿಡಿಕೆಯ ಕಿರ್ರೆನ್ನುವ ಸದ್ದು. ಮತ್ತೆ ಸುಣ್ಣವೇ ಎಂದುಕೊಂಡೆ. ಅದರ ಹಿಂದೆಯೇ ಬಾವಿಯ ಗಡಗಡೆ, ನೀರು ಸುರಿದ ಶಬ್ದ. ಇದು ಬರೀ ನೀರಿನ ಬಕೆಟ್. ಕೋಳಿಯೊಂದು ಹತ್ತಿರ ಬಂದು ದೂರ ಹೋಯಿತು. ಯಾರೋ ಮುದುಕ ಕೆಮ್ಮಿದ. ಚಪ್ಪಲಿಯ ಸದ್ದು, ಎಣಿಸುತ್ತಾ ಇಟ್ಟ ಹೆಜ್ಜೆ, ಒಂದು, ಎರಡು, ಮೂರು, ಆಮೇಲೆ ಎಣಿಸದೇ ಇಟ್ಟವು. "ತಾರಾ, ಅವರೇಕಾಯಿ ತಂದಿದ್ದೀನಿ" ಎಂದಿತು ಒಂದು ಹೆಣ್ಣು ದನಿ. "ಇಲ್ಲೇ ಸುರಿಯೇ" ಎಂದಳು ತಾರಾ.

ಈಗ ತೆರೆಯಿರಿ ಎಂದಳು ಯಮುನಾ.

ಬೆಳಕು ನಿಧಾನವಾಗಿ ಬರುತ್ತಿತ್ತು. ಇವಳಿಗೆ ಹೇಳಿದೆ: ಎರಡು ಕೈ ಕಾಣುತ್ತಿವೆ. ಅವರೇಕಾಯಿ ಸುಲಿಯುತ್ತಿವೆ. ಎಡಗೈ ಹೆಬ್ಬೆರಳಿನಿಂದ ಹೊಟ್ಟೆ ಸೀಳಿ, ಕಾಳು ಮೊರಕ್ಕೆ, ಸಿಪ್ಪೆ ಪಕ್ಕಕ್ಕೆ. ಬಹಳ ಬೇಗ ಸುಲಿಯುತ್ತಿದ್ದಾಳೆ, ಒಂದು ಕಾಳೂ ಕೆಳಗೆ ಬೀಳುತ್ತಿಲ್ಲ. ಜಗುಲಿಯ ಮೇಲೆ ಕೂತಿದ್ದಾಳೆ. ಈಗ ಮುಖ. ಕಣ್ಣು ಹೋಗಿವೆ, ಸುಟ್ಟ ಗುರುತು ಕೆನ್ನೆಯವರೆಗೆ ಇದೆ, ಮುಚ್ಚಿಕೊಂಡಿಲ್ಲ. ಯಾರೋ ಏನೋ ಹೇಳಿದರು. ನಗುತ್ತಿದ್ದಾಳೆ. ಬಾಯಿ ತುಂಬ ನಗುತ್ತಿದ್ದಾಳೆ, ಮೇಲಿನ ಸಾಲಿನ ಒಂದು ಹಲ್ಲು ಸೊಟ್ಟ.

"ಹೌದು, ಸೊಟ್ಟ ಹಲ್ಲು," ಎಂದಳು ಯಮುನಾ. "ಅದನ್ನ ನೋಡಿದ್ದು ನಾನೊಬ್ಳೇ ಅಂದ್ಕೊಂಡಿದ್ದೆ."

ಕಪ್ಪು ಪರದೆ ಒಂದು ನಿಮಿಷ ಹನ್ನೆರಡು ಸೆಕೆಂಡು. ಜನ ಕಾಯಬೇಕಿದ್ದದ್ದು ಅಷ್ಟೇ. ಅದಕ್ಕಾಗದೆ ಎದ್ದು ಹೋದರು, ಸಿನಿಮಾ ಮಕಾಡೆ ಮಲಗಿತು.

ಹತ್ತು ದಿನದ ಹಿಂದೆ ಇವಳು ಯಾಕೆ ಇದೇ ಬೇಕು ಎಂದಳು ಎಂದು ಇವತ್ತು ತಿಳಿಯಿತು. ಕಣ್ಣು ಬಾರದೇ ಹೋದರೆ ಹೇಗೆ ಎಂದು ನನ್ನನ್ನು ಕೇಳಲು ಅವಳಿಗೆ ಆಗಿಲ್ಲ. ಕೇಳಿದ್ದರೆ ನಾನು ಅಂಥದ್ದೆಲ್ಲ ಮಾತಾಡಬೇಡ ಎಂದುಬಿಡುತ್ತಿದ್ದೆ. ಸಂಜೆ ಮುನಿಯಕ್ಕನ ಮನೆಯಿಂದ ಎರಡು ಸೇರು ಅವರೇಕಾಯಿ ತಂದು ಮಂಚದ ಕೆಳಗೆ ಮೊರ ಇಟ್ಟೆ. ಯಮುನಾ ಬೋರಲು ಮಲಗಿಯೇ ಕೈ ಇಳಿಬಿಟ್ಟು ಸುಲಿದಳು. ನಾನು ಸುಲಿದದ್ದರಲ್ಲಿ ಹುಳ ಇದ್ದದ್ದು ಮೂರು.

26 ಡಿಸೆಂಬರ್, ಗುರುವಾರ

ಸಿನಿಮಾದ ಕೆಳಗೆ ಮೂರು ಜನ ಅಭಿಪ್ರಾಯ ಬರೆದಿದ್ದಾರೆ. ಒಬ್ಬರು, ಕ್ಲೈಮ್ಯಾಕ್ಸ್ ಪ್ರಿಂಟ್ ಹೋಗಿದೆ, ಬರೀ ಕಪ್ಪು ಬರುತ್ತದೆ ಎಂದಿದ್ದಾರೆ. ವೇಣಿಗೆ ಫೋನ್ ಮಾಡಿ ಬರೆಯುವುದು ಹೇಗೆಂದು ಕೇಳಿಕೊಂಡು ನಾನೂ ಬರೆದೆ. ಪ್ರಿಂಟ್ ಸರಿಯಾಗಿದೆ, ಒಂದು ನಿಮಿಷ ಹನ್ನೆರಡು ಸೆಕೆಂಡು ಕಾಯಿರಿ, ಶಬ್ದ ಆರಿಸಬೇಡಿ ಎಂದು. ಬಕೆಟ್ಟಿನ ಅಳತೆಗಳನ್ನೂ ಹಾಕಿದೆ. ಯಮುನಾ ಓದಿಸಿಕೊಂಡು, ನರ್ಸಿನ ಪಾತ್ರ ಮಾಡಿದವರ ಹೆಸರೂ ಹಾಕಿ ಎಂದಳು. ಹಾಕಿದೆ.

28 ಡಿಸೆಂಬರ್, ಶನಿವಾರ

ಡಾಕ್ಟರು ನೋಡಿದರು. ಇನ್ನು ಬೋರಲು ಮಲಗಬೇಕಿಲ್ಲ, ಎದ್ದು ಕೂರಬಹುದು, ಅಂಗಾತ ಮಾತ್ರ ಬೇಡ. ಮುಗಿಸಿ ಏಳುವಾಗ ನಾನು, ಎರಡು ದಿನ ಅಂದದ್ದು ತಪ್ಪು, ಹನ್ನೆರಡು ದಿನ ಎಂದೆ. ಅವರು ಫೈಲಿನಲ್ಲಿ ತಿದ್ದಿಕೊಂಡರು. ಹಾಗಾದರೆ ಅಕ್ಷರ ಓದುವಷ್ಟು ಬಂದರೆ ಪುಣ್ಯ, ಅರ್ಧ ಬಂದರೂ ಸಂತೋಷಪಡಬೇಕು, ಫೆಬ್ರವರಿಯವರೆಗೆ ಹೇಳಲಾಗದು ಎಂದರು.

ಗ್ಯಾಸ್ ಕರಗುತ್ತಾ ಬಂದ ಹಾಗೆ ಮೇಲಿನಿಂದ ಕೆಳಕ್ಕೆ ತಿಳಿಯಾಗುತ್ತದಂತೆ. ಕೆಳಗೆ ನೀರಿನ ಮಟ್ಟದ ಹಾಗೆ ಒಂದು ಗೆರೆ ತುಳುಕುತ್ತಿರುತ್ತದೆ, ಅದು ದಿನಾ ಇಳಿಯುತ್ತದೆ.

1 ಜನವರಿ 2025, ಬುಧವಾರ

ಬಾಗಿಲ ಬಳಿ ಎರಡು ಕುರ್ಚಿ ಹಾಕಿಕೊಂಡು ಎದುರುಬದುರು ಕೂತೆವು. ನನ್ನ ತಲೆ ಕಾಣುತ್ತದಂತೆ, ಹಣೆಯ ಅರ್ಧದವರೆಗೆ. ಅದರ ಕೆಳಗೆ ಬರೀ ತುಳುಕು. ಕೂದಲು ಬಾಚಿಲ್ಲ ಎಂದಳು. ನಿಜ, ಬಾಚಿರಲಿಲ್ಲ.

4 ಜನವರಿ, ಶನಿವಾರ

ಇವತ್ತು ಹುಬ್ಬಿನವರೆಗೆ. ಮಂಜು ಮಂಜಾಗಿದೆ, ಆದರೆ ಇದೆ ಎಂದಳು. ಅಲುಗಾಡಬೇಡಿ ಎಂದು ನನ್ನ ಎರಡು ಕಿವಿಯನ್ನೂ ಹಿಡಿದುಕೊಂಡು ಬಹಳ ಹತ್ತಿರದಿಂದ ನೋಡಿದಳು.

"ಹುಬ್ಬು ಬೆಳ್ಳಗಾಗಿದೆ. ಯಾವಾಗ ಆಯ್ತು?"

ಗೊತ್ತಿಲ್ಲ ಎಂದೆ. ಕನ್ನಡಿಯಲ್ಲಿ ನಾನು ಹುಬ್ಬು ನೋಡಿಕೊಳ್ಳುವವನಲ್ಲ.

"ಕಣ್ಣು ಚೆನ್ನಾಗಿದ್ದಾಗ ನಾನೂ ನೋಡಿರ್ಲಿಲ್ಲ," ಎಂದಳು. ಕಿವಿ ಬಿಡಲಿಲ್ಲ.

ನಾಳೆಯೋ ನಾಳಿದ್ದೋ ಕೆನ್ನೆ ಕಾಣಬಹುದಂತೆ. ಆಪರೇಷನ್ ದಿನದಿಂದ ಮುಖ ಕ್ಷೌರ ಮಾಡಿಕೊಂಡಿಲ್ಲ. ಬೆಳಿಗ್ಗೆ ಅವಳು ಏಳುವ ಮೊದಲೇ ಮಾಡಿಕೊಳ್ಳಬೇಕು.